ಪಂಕ್ತಿಗೆ ಬಾರದ ಪಂಡಿತರು: ಶ್ರೀಜಗನ್ನಾಥದಾಸಾರ್ಯರ ಚರಿತ್ರೆ

ಭಾದ್ರಪದ ಶುದ್ಧ ನವಮಿಯು ಮಾನವಿಯ ಶ್ರೀಜಗನ್ನಾಥದಾಸಾರ್ಯರ ಆರಾಧನೆಯ ಪುಣ್ಯದಿನ. ಚೌತಿಗೂ ಅನಂತ ಚತುರ್ದಶಿಗೂ ನಡುವೆ ಬರುವ ಈ ತಿಥಿಯು ಮುಂಬಯಿ, ಪುಣೆಗಳಲ್ಲಿರುವ ನಮ್ಮ ಭಕ್ತರಿಗೆ ಗಣಪತಿ ಉತ್ಸವದ ಗದ್ದಲದಲ್ಲಿ ಎಷ್ಟೋ ಸಲ ಗಮನಕ್ಕೇ ಬಾರದೆ ಸರಿದುಹೋಗುವುದುಂಟು. ಆದರೆ ಹರಿಕಥಾಮೃತಸಾರದ ಒಂದೆರಡು ಪದ್ಯಗಳಾದರೂ ಕಂಠಸ್ಥವಾಗಿರದ ಮಾಧ್ವ ಗೃಹಿಣಿಯರು ನಮ್ಮ ನಡುವೆ ವಿರಳ. ಗ್ರಂಥವನ್ನು ಬಲ್ಲೆವು, ಗ್ರಂಥಕರ್ತರ ನಾಮಸ್ಮರಣೆಯನ್ನೂ ಮಾಡುತ್ತೇವೆ. ಆದರೆ ಅವರು ದಾಸರಾಗುವುದಕ್ಕೆ ಮುನ್ನ ಏನಾಗಿದ್ದರು, ಯಾವ ಬಾಗಿಲಿನಿಂದ ದಾಸಪಂಥವನ್ನು ಪ್ರವೇಶಿಸಿದರು ಎಂಬುದನ್ನು ಮನೆಯ ಮಕ್ಕಳಿಗೆ ಹೇಳುವವರು ಕಡಿಮೆಯಾಗುತ್ತಿದ್ದಾರೆ. ಆ ಕಥೆಯು ದಾಸರಾಯರಿಗೆ ಅಷ್ಟೇನೂ ಅನುಕೂಲವಾದ ಕಥೆಯಲ್ಲ. ಆದರೂ ಪರಂಪರೆಯು ಅದನ್ನು ಮುಚ್ಚಿಡದೆ, ಎರಡು ಶತಮಾನಗಳಿಗೂ ಮೀರಿ ಜತನದಿಂದ ಕಾಪಾಡಿಕೊಂಡು ಬಂದಿದೆ. ಅದನ್ನೇ ಈ ಸಂಚಿಕೆಯಲ್ಲಿ ನಿರೂಪಿಸಬೇಕೆಂದು ನಮಗೆ ತೋರಿತು.

ರಾಯಚೂರು ಜಿಲ್ಲೆಯ ಮಾನವಿ ಸೀಮೆಯಲ್ಲಿ ಬ್ಯಾಗವಟ್ಟವೆಂಬ ಗ್ರಾಮವಿದೆ. ಅಲ್ಲಿ 1728ರಲ್ಲಿ, ಕೀಲಕ ಸಂವತ್ಸರದಲ್ಲಿ, ಇವರ ಜನನವಾಯಿತು. ತಂದೆ ತಾಯಿಗಳು ಇಟ್ಟ ಹೆಸರು ಶ್ರೀನಿವಾಸ. ಬಾಲ್ಯದಿಂದಲೇ ಅಸಾಧಾರಣವಾದ ಧೀಶಕ್ತಿ. ಕಾವ್ಯ, ವ್ಯಾಕರಣ, ನ್ಯಾಯಗಳಲ್ಲಿಯೂ ದ್ವೈತ ವೇದಾಂತದಲ್ಲಿಯೂ ಅವರು ಪರಿಶ್ರಮಿಗಳಾದರು. ಶ್ರೀರಾಘವೇಂದ್ರಸ್ವಾಮಿಗಳ ಪರಂಪರೆಯ ಶ್ರೀವರದೇಂದ್ರತೀರ್ಥರನ್ನು ಅವರ ವಿದ್ಯಾಗುರುಗಳೆಂದು ಸಂಪ್ರದಾಯವು ಸ್ಮರಿಸುತ್ತದೆ. ಪುಣೆಯ ವಾಚಕರಿಗೆ ಇಲ್ಲೊಂದು ಮಾತು ಹೇಳಬೇಕು. ಆ ಶ್ರೀಪಾದಂಗಳವರ ಮೂಲವೃಂದಾವನವಿರುವುದು ತಾವು ವಾಸವಾಗಿರುವ ಊರಿನಲ್ಲೇ. ಪರಸ್ಥಳದಲ್ಲಿದ್ದೇವೆ, ಗುರುಸನ್ನಿಧಿ ದೂರವಾಯಿತೆಂದು ಕೊರಗುವವರು ಅದನ್ನು ನೆನೆಯಬಹುದು.

ವಿದ್ಯೆಯೊಡನೆ ಕೀರ್ತಿಯೂ ಬಂದಿತು. ಶ್ರೀನಿವಾಸಾಚಾರ್ಯರು ಇನ್ನೂ ತರುಣರಿರುವಾಗಲೇ ಮಾನವಿಯಲ್ಲಿ ಪಾಠಪ್ರವಚನಗಳನ್ನು ಆರಂಭಿಸಿದರು. ಶಿಷ್ಯರು ಸುತ್ತ ನೆರೆದರು. ಪಂಡಿತಸಭೆಗಳಲ್ಲಿ ಅವರ ವಾಗ್ಝರಿಗೆ ಎದುರಿಲ್ಲವೆಂದಾಯಿತು. ಇಷ್ಟು ಚಿಕ್ಕ ವಯಸ್ಸಿನಲ್ಲಿ ಇಷ್ಟು ಮನ್ನಣೆ ಬಂದರೆ ಮನುಷ್ಯನಿಗೆ ಏನಾಗುವುದೋ ಅದೇ ಅವರಿಗೂ ಆಯಿತು. ಸಂಸ್ಕೃತ ಬಲ್ಲವನೇ ಬಲ್ಲವನು, ಶಾಸ್ತ್ರವನ್ನು ಕನ್ನಡದಲ್ಲಿ ಹಾಡುವುದು ಶಾಸ್ತ್ರಕ್ಕೆ ಅಪಚಾರ ಎಂಬ ಭಾವನೆ ಅವರಲ್ಲಿ ಬಲಿಯಿತು.

ಈ ಭಾವನೆ ಅವರೊಬ್ಬರದೇ ಆಗಿರಲಿಲ್ಲವೆಂಬುದನ್ನು ನಾವು ಒಪ್ಪಿಕೊಳ್ಳಬೇಕು. ಶ್ರೀಪಾದರಾಜರು, ವ್ಯಾಸರಾಯರು, ವಾದಿರಾಜರು ತಾವೇ ಕನ್ನಡದಲ್ಲಿ ಪದಗಳನ್ನು ರಚಿಸಿ ದೇವರ ಮುಂದೆ ಹಾಡಿದ್ದರೂ, ಪೀಠದಲ್ಲಿದ್ದ ಯತಿಗಳಿಗೆ ಸಂದ ಗೌರವವು ಬೀದಿಯಲ್ಲಿ ತಂಬೂರಿ ಹಿಡಿದು ಬಂದ ದಾಸನಿಗೆ ಸಲ್ಲಲಿಲ್ಲ. ಕನಕದಾಸರನ್ನು ವ್ಯಾಸರಾಯರು ಆದರಿಸಿದಾಗ ಮಠದ ವಿದ್ವಾಂಸರೇ ಮುಖ ಸಿಂಡರಿಸಿದರೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಯಾರೂ ಇಲ್ಲದ ಕಡೆ ತಿಂದು ಬರಬೇಕೆಂದು ಗುರುಗಳು ಕೊಟ್ಟ ಬಾಳೆಯ ಹಣ್ಣನ್ನು ಕನಕರು ಹಾಗೆಯೇ ಹಿಂದಕ್ಕೆ ತಂದ ಕಥೆಯನ್ನು ಮಕ್ಕಳಿಗೆ ಹೇಳಿ ನಾವು ಸಂತೋಷಪಡುತ್ತೇವೆ. ಅಂದು ಹಣ್ಣು ತಿಂದು ಬಂದವರು ನಮ್ಮಂಥವರೇ ಎಂಬುದು ಮಾತ್ರ ನೆನಪಾಗುವುದಿಲ್ಲ. ಪುರಂದರದಾಸರು 1564ರಲ್ಲಿ ಹರಿಪುರ ಸೇರಿದ ಮೇಲೆ ದಾಸಸಾಹಿತ್ಯದ ಹೊಳೆಯು ಬಹುಕಾಲ ಸಣ್ಣಗೆ ಹರಿಯಿತು. ಅದು ಪುನಃ ಉಕ್ಕಿ ಹರಿದದ್ದು ಶ್ರೀವಿಜಯದಾಸರಿಂದ.

ವಿಜಯದಾಸರೂ ಮಾನವಿ ಸೀಮೆಯವರೇ. ತುಂಗಭದ್ರೆಯ ಬಳಿಯ ಚೀಕಲಪರವಿಯಲ್ಲಿ 1682ರಲ್ಲಿ ಜನಿಸಿದ ಅವರ ಪೂರ್ವನಾಮ ದಾಸಪ್ಪ. ಹೊಟ್ಟೆಗೆ ಹಿಟ್ಟಿಲ್ಲದ, ಮೈಗೆ ಬಟ್ಟೆಯಿಲ್ಲದ ದಾರಿದ್ರ್ಯದಲ್ಲಿ ಬೆಳೆದು, ಹರೆಯದಲ್ಲಿ ಮನೆ ಬಿಟ್ಟು ಕಾಶಿಯವರೆಗೂ ಅಲೆದವರು. ಅಲ್ಲಿ ಸ್ವಪ್ನದಲ್ಲಿ ಪುರಂದರದಾಸರ ಅನುಗ್ರಹವಾಗಿ ವಿಜಯವಿಠಲ ಎಂಬ ಅಂಕಿತ ದೊರೆಯಿತೆಂದು ಸಂಪ್ರದಾಯ ಹೇಳುತ್ತದೆ. ಪಾಠಶಾಲೆಯ ಮೆಟ್ಟಿಲು ಹತ್ತಿ ಪಡೆದ ಪಾಂಡಿತ್ಯ ಅವರದಲ್ಲ. ಆದರೂ ಅವರ ಸುಳಾದಿಗಳಲ್ಲಿ ಅಡಗಿರುವ ಪ್ರಮೇಯಗಳನ್ನು ಬಿಡಿಸಲು ಇಂದಿಗೂ ದೊಡ್ಡ ವಿದ್ವಾಂಸರು ತಿಣುಕುವುದನ್ನು ನಾವು ನೋಡಿದ್ದೇವೆ. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಹೆಗಲಿನಲ್ಲಿ ಗೋಪಾಳದ ಬುಟ್ಟಿ, ಕೊರಳಲ್ಲಿ ತುಳಸೀಮಾಲೆ: ಇದು ಅವರ ವೇಷ. ಮನೆಮನೆಯ ಮುಂದೆ ನಿಂತು ಹರಿನಾಮ ಹಾಡಿ, ನೀಡಿದ ಅಕ್ಕಿಯನ್ನೋ ಜೋಳವನ್ನೋ ಸ್ವೀಕರಿಸುವುದು ಅವರ ವೃತ್ತಿ.

ಇಂಥ ವಿಜಯದಾಸರು ಒಮ್ಮೆ ಶಿಷ್ಯಸಮೇತರಾಗಿ ಮಾನವಿಗೆ ದಯಮಾಡಿಸಿದರು. ಆಗ ಅವರು ವೃದ್ಧರು. ಅವರು ದೇಹತ್ಯಾಗ ಮಾಡಿದ್ದು 1755ರ ಕಾರ್ತಿಕ ಶುದ್ಧ ದಶಮಿಯಂದು ಚಿಪ್ಪಗಿರಿಯಲ್ಲಿ. ಆ ಲೆಕ್ಕದಲ್ಲಿ ನೋಡಿದರೆ ನಮ್ಮ ಶ್ರೀನಿವಾಸಾಚಾರ್ಯರಿಗೆ ಆಗ ಇಪ್ಪತ್ತೇಳು ವರ್ಷ ದಾಟಿರಲಾರದು. ಕಥೆ ಹೇಳುವವರು ಈ ವಯಸ್ಸಿನ ಅಂತರವನ್ನು ಸಾಮಾನ್ಯವಾಗಿ ಎತ್ತಿ ಹೇಳುವುದಿಲ್ಲ. ನಮಗೆ ಅದು ಮುಖ್ಯವೆಂದು ತೋರುತ್ತದೆ. ಇಬ್ಬರು ಸಮಾನರ ನಡುವಿನ ವಾದವಲ್ಲ ಅದು. ಊರಿಗೆ ಬಂದ ಎಪ್ಪತ್ತರ ಆಸುಪಾಸಿನ ಹಿರಿಯರು, ಮೊಮ್ಮಗನ ವಯಸ್ಸಿನ ಪಂಡಿತನ ಮನೆಗೆ ತಾವಾಗಿ ಹೇಳಿಕಳುಹಿಸಿದ ಸಂದರ್ಭ.

ದಾಸರು ಅಂದು ಮಾನವಿಯಲ್ಲಿ ದೇವರ ಪೂಜೆ, ಬ್ರಾಹ್ಮಣಸಂತರ್ಪಣೆಗಳನ್ನು ಏರ್ಪಡಿಸಿದ್ದರು. ಊರಿನ ವಿದ್ವಾಂಸರೆಂದು ಶ್ರೀನಿವಾಸಾಚಾರ್ಯರನ್ನೂ ತೀರ್ಥಪ್ರಸಾದಕ್ಕೆ ಆಹ್ವಾನಿಸಿದರು. ಆಚಾರ್ಯರಿಗೆ ಹೋಗಲು ಮನಸ್ಸಾಗಲಿಲ್ಲ. ಬೀದಿಯಲ್ಲಿ ಕುಣಿದು ಹಾಡುವವನ ಪಂಕ್ತಿಯಲ್ಲಿ ತಾವು ಕುಳಿತುಕೊಳ್ಳುವುದೇ ಎಂಬ ತಿರಸ್ಕಾರ ಒಳಗೆ. ಹಾಗೆಂದು ಮುಖಕ್ಕೆ ಹೇಳುವ ಧೈರ್ಯವೂ ಇಲ್ಲ. ಆದುದರಿಂದ ಒಂದು ನೆಪ ಹೂಡಿದರು. ತಮಗೆ ಉದರವ್ಯಾಧಿಯಿರುವುದಾಗಿಯೂ, ಊಟಕ್ಕೆ ಹೊತ್ತು ಮೀರಿದರೆ ನೋವು ಬರುವುದಾಗಿಯೂ, ಸಂತರ್ಪಣೆಯ ತನಕ ಕಾಯಲಾರೆನೆಂದೂ ಹೇಳಿಕಳುಹಿಸಿ ಮನೆಯಲ್ಲೇ ಬೇಗ ಊಟ ಮುಗಿಸಿದರು. ಆಚಾರ್ಯರು ಹೇಳಿದಂತೆಯೇ ಆಗಲೆಂದು ವಿಜಯದಾಸರು ಅದನ್ನು ಒಪ್ಪಿಕೊಂಡರಂತೆ. ಹೇಳುವವರ ಬಾಯಲ್ಲಿ ವಿವರಗಳು ಅಲ್ಪಸ್ವಲ್ಪ ಬದಲಾದರೂ ನೆಪವೊಂದು ಮಾತ್ರ ಎಲ್ಲೆಡೆಯೂ ಹೊಟ್ಟೆನೋವೇ.

ಇದನ್ನು ಶಾಪವೆಂದು ಹೇಳುವ ವಾಡಿಕೆಯಿದೆ. ನಾವು ಆ ಮಾತನ್ನು ಸರಾಗವಾಗಿ ಒಪ್ಪಲಾರೆವು. ಹರಿದಾಸರು ಕೋಪದಿಂದ ಶಪಿಸುವವರಲ್ಲ. ಭಾಗವತಾಪರಾಧಕ್ಕೆ ಫಲ ಕೊಡುವವನು ಭಗವಂತನೇ ಹೊರತು ಅಪಮಾನಿತನಾದ ಭಕ್ತನಲ್ಲ. ಅದೇನೇ ಇರಲಿ, ಕೆಲಕಾಲದಲ್ಲಿ ಆಚಾರ್ಯರು ಸುಳ್ಳಾಗಿ ಹೇಳಿದ ನೋವು ನಿಜವಾಗಿ ಬಂದಿತು.

ಆ ವ್ಯಾಧಿಯ ಸ್ವರೂಪವನ್ನು ವಾಚಕರು ಸ್ವಲ್ಪ ಕಣ್ಮುಂದೆ ತಂದುಕೊಳ್ಳಬೇಕು. ತಿಂದದ್ದು ದಕ್ಕದು, ತಿನ್ನದೆ ಇರಲಾಗದು. ದೇಹ ಕೃಶವಾಯಿತು. ಔಷಧೋಪಚಾರಗಳು ವ್ಯರ್ಥವಾದವು. ಪಾಠ ಹೇಳಲು ಕುಳಿತರೆ ಕುಳಿತಿರಲಾಗದ ಬಾಧೆ. ಪಾಠವಿಲ್ಲದ ಪಂಡಿತನ ಬಳಿ ಶಿಷ್ಯರಾದರೂ ಎಷ್ಟು ದಿನ ಇದ್ದಾರು? ಪರಾನ್ನವೆಂದು, ಪಂಕ್ತಿಯೆಂದು ಯಾರನ್ನು ದೂರವಿರಿಸಿದ್ದರೋ ಅವರೊಡನೆ ಮಾತ್ರವಲ್ಲ, ಈಗ ಯಾರೊಡನೆಯೂ ಕುಳಿತು ಉಣ್ಣುವ ಸ್ಥಿತಿ ಉಳಿಯಲಿಲ್ಲ. ಒಬ್ಬ ವೃದ್ಧನನ್ನು ಒಂದು ಹೊತ್ತಿನ ಮಟ್ಟಿಗೆ ಪಂಕ್ತಿಯಿಂದ ಹೊರಗಿಟ್ಟವರು ತಾವೇ ಎಲ್ಲ ಪಂಕ್ತಿಗಳಿಂದಲೂ ಹೊರಗುಳಿದರು.

ಇಲ್ಲಿ ಕಥೆಯನ್ನು ಕ್ಷಣಕಾಲ ನಿಲ್ಲಿಸುವುದಕ್ಕೆ ವಾಚಕರು ಕ್ಷಮಿಸಬೇಕು. ಹಲವು ವರ್ಷಗಳ ಹಿಂದೆ ಒಂದು ಮಹಾನಗರದಲ್ಲಿ ಆರಾಧನೆಯ ಮಧ್ಯಾಹ್ನ ಪಂಕ್ತಿಯ ವ್ಯವಸ್ಥೆಯನ್ನು ನೋಡಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಎಲೆಗಳು ಬಿದ್ದಿದ್ದವು. ಬಾಗಿಲಲ್ಲಿ ಒಬ್ಬ ಮಧ್ಯವಯಸ್ಕರು ಬಂದು ನಿಂತರು. ಕಾರಖಾನೆಯ ನೀಲಿ ಅಂಗಿ, ಎಣ್ಣೆಯ ಕಲೆ, ಹಣೆಯಲ್ಲಿ ಅಂಗಾರ ಅಕ್ಷತೆಗಳಿಲ್ಲ, ಕೈಯಲ್ಲಿ ಊಟದ ಖಾಲಿ ಡಬ್ಬಿ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರೆಂದು ತೋರುತ್ತದೆ. ಅವರ ಕನ್ನಡದಲ್ಲಿ ಪರಭಾಷೆಯ ಬೆರಕೆ ಹೆಚ್ಚಾಗಿತ್ತು. ಪಂಕ್ತಿ ತುಂಬಿದೆ, ಸ್ವಲ್ಪ ಹೊರಗೆ ಕುಳಿತಿರಬೇಕೆಂದು ನಾವೇ ಹೇಳಿದೆವು. ಪಂಕ್ತಿಯಲ್ಲಿ ಮೂರು ಎಲೆಗಳು ಖಾಲಿಯಿದ್ದವು. ಅದನ್ನು ಅವರೂ ನೋಡಿದರು. ಎರಡನೆಯ ಪಂಕ್ತಿಗೆ ಕರೆಯಲು ಹೋದಾಗ ಅವರು ಇರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಅವರ ಹೆಸರನ್ನೂ ನಾವು ಕೇಳಿರಲಿಲ್ಲ. ಶ್ರೀನಿವಾಸಾಚಾರ್ಯರು ಮಾನವಿಯಲ್ಲಿ ಮಾಡಿದ್ದನ್ನು ಓದುವಾಗಲೆಲ್ಲ ನಮಗೆ ಆ ಮೂರು ಎಲೆಗಳು ನೆನಪಾಗುತ್ತವೆ.

ನಗರಗಳಲ್ಲಿ ನಾವು ಪರಸ್ಪರರನ್ನು ಗುರುತಿಸುವುದು ಹೊರಗಿನ ಚಿಹ್ನೆಗಳಿಂದಲೇ. ಊರಿನಲ್ಲಾದರೆ ಇಂಥವರ ಮಗ, ಇಂಥ ಮನೆತನ ಎಂದು ತಿಳಿದಿರುತ್ತದೆ. ಇಲ್ಲಿ ಕಚ್ಚೆಯೋ ಪ್ಯಾಂಟೋ, ಮುದ್ರೆ ಇದೆಯೋ ಇಲ್ಲವೋ, ಕನ್ನಡ ಶುದ್ಧವೋ ಅಲ್ಲವೋ ಎಂದು ನೋಡಿ ಮುಗಿಸಿಬಿಡುತ್ತೇವೆ. ವಧೂವರರ ಪಟ್ಟಿಯಲ್ಲಿ ಗೋತ್ರ ನಕ್ಷತ್ರಗಳ ಪಕ್ಕದಲ್ಲೇ ಮೈಬಣ್ಣಕ್ಕೂ ಒಂದು ಸಾಲು ಮೀಸಲಿಡುವ ನಾವು, ಶ್ಯಾಮಸುಂದರನ ಭಕ್ತರೆಂದು ಹೇಳಿಕೊಳ್ಳುವುದು ಬೇರೆ. ಇರಲಿ, ಕಥೆಗೆ ಮರಳೋಣ.

ಎಲ್ಲ ಉಪಾಯಗಳೂ ಸೋತ ಮೇಲೆ ಆಚಾರ್ಯರು ಮಂತ್ರಾಲಯಕ್ಕೆ ಹೋದರು. ಶ್ರೀರಾಘವೇಂದ್ರಸ್ವಾಮಿಗಳು 1671ರಲ್ಲಿ ಸಶರೀರರಾಗಿ ವೃಂದಾವನ ಪ್ರವೇಶಿಸಿದ ಆ ಕ್ಷೇತ್ರವು ಆಗಲೂ ಆರ್ತರ ಆಶ್ರಯವಾಗಿತ್ತು. ಅಲ್ಲಿ ಸೇವೆ ಮಾಡುತ್ತಿರಲು ರಾಯರು ಸ್ವಪ್ನದಲ್ಲಿ ದರ್ಶನವಿತ್ತು, ಈ ವ್ಯಾಧಿಯ ಮೂಲ ವಿಜಯದಾಸರಲ್ಲಿ ನಡೆದ ಅಪರಾಧವೆಂದೂ, ಪರಿಹಾರವನ್ನು ಅವರಲ್ಲಿಯೇ ಬೇಡಬೇಕೆಂದೂ ಸೂಚಿಸಿದರೆಂದು ಪರಂಪರೆ ಹೇಳುತ್ತದೆ. ರಾಯರ ವೃಂದಾವನದ ಮುಂದೆಯೇ ರೋಗವು ಪರಿಹಾರವಾಗಬಾರದಿತ್ತೇ ಎಂದು ಕೇಳುವವರುಂಟು. ಯಾರ ಬಾಗಿಲಲ್ಲಿ ತಪ್ಪು ನಡೆಯಿತೋ ಆ ಬಾಗಿಲಿಗೇ ಕಳುಹಿಸಿದ್ದು ರಾಯರ ಅನುಗ್ರಹವೆಂದೇ ನಾವು ತಿಳಿಯುತ್ತೇವೆ. ಗುರುಗಳ ಬಳಿ ಅತ್ತು ಹಗುರವಾಗುವುದು ಸುಲಭ. ನಾವು ಯಾರನ್ನು ಹಗುರವಾಗಿ ಕಂಡೆವೋ ಅವರ ಎದುರು ಹೋಗಿ ನಿಲ್ಲುವುದು ಬೇರೆಯೇ ಮಾತು.

ಆಚಾರ್ಯರು ಹೋದರು. ದಾಸರ ಕಾಲಿಗೆರಗಿ ತಪ್ಪೊಪ್ಪಿಕೊಂಡರು. ವಿಜಯದಾಸರು ಅವರನ್ನು ಕ್ಷಮಿಸಿದರು. ಆದರೆ ತಾವೇ ಗುಣಪಡಿಸಲಿಲ್ಲ. ಉತ್ತನೂರಿನಲ್ಲಿರುವ ತಮ್ಮ ಶಿಷ್ಯ ಭಾಗಣ್ಣನ ಬಳಿಗೆ ಹೋಗಬೇಕೆಂದು ಅಪ್ಪಣೆ ಮಾಡಿದರು.

ಇದು ಎರಡನೆಯ ಪರೀಕ್ಷೆ. ಮೊದಲನೆಯದಕ್ಕಿಂತ ಕಠಿಣವಾದದ್ದು ಎಂದೇ ನಮ್ಮ ಅಭಿಪ್ರಾಯ. ವಿಜಯದಾಸರಿಗಾದರೋ ಆ ವೇಳೆಗೆ ದೊಡ್ಡ ಹೆಸರಿತ್ತು, ವಯಸ್ಸಿನ ಹಿರಿತನವಿತ್ತು. ಭಾಗಣ್ಣನವರಿಗೆ ಏನಿತ್ತು? ರಾಯಚೂರು ಸೀಮೆಯ ಮೊಸರುಕಲ್ಲಿನಲ್ಲಿ 1721ರಲ್ಲಿ ಹುಟ್ಟಿದವರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡವರು. ಇದ್ದ ಆಸ್ತಿಯನ್ನು ದಾಯಾದಿಗಳು ಕಸಿದುಕೊಂಡಾಗ ತಾಯಿಯೂ ಮಕ್ಕಳೂ ಊರು ಬಿಟ್ಟು, ಸಂಕಾಪುರದಲ್ಲಿ ಹನುಮಂತದೇವರ ಗುಡಿಯನ್ನು ಆಶ್ರಯಿಸಿ ಬದುಕಿದರು. ಕ್ರಮವಾದ ಶಾಸ್ತ್ರಪಾಠ ಅವರಿಗೆ ದೊರೆಯಲಿಲ್ಲ. ಗಾಯತ್ರೀಜಪವೊಂದೇ ಅವರ ಅಧ್ಯಯನ. ಅದರಿಂದಲೇ ಅಂತರ್ದೃಷ್ಟಿ ಸಿದ್ಧಿಸಿ, ಜನರು ತಮ್ಮ ಭೂತಭವಿಷ್ಯಗಳನ್ನು ಕೇಳಲು ಬರುತ್ತಿದ್ದರು. ಮುಂದೆ ವಿಜಯದಾಸರಿಂದ ಗೋಪಾಲವಿಠಲ ಎಂಬ ಅಂಕಿತ ಪಡೆದು ಗೋಪಾಲದಾಸರಾದರು. ಅವರ ತಮ್ಮಂದಿರೂ ದಾಸರಾದರು. ಉತ್ತನೂರು ಇಂದು ತೆಲಂಗಾಣದ ಗದ್ವಾಲದ ಕಡೆಗೆ ಸೇರಿದೆ. ಹೈದರಾಬಾದಿನ ಭಕ್ತರು ಅಲ್ಲಿಗೆ ಹೋಗಿಬರುವುದನ್ನು ನಾವು ಬಲ್ಲೆವು.

ಶ್ರೀನಿವಾಸಾಚಾರ್ಯರಿಗಿಂತ ಏಳೇ ವರ್ಷಕ್ಕೆ ಹಿರಿಯರು, ಶಾಸ್ತ್ರ ಓದದವರು. ಇಂಥವರ ಎದುರು ತರ್ಕವ್ಯಾಕರಣಗಳನ್ನು ಅರೆದು ಕುಡಿದ ಪಂಡಿತರು ರೋಗಿಯಾಗಿ ಬಂದು ನಿಂತರು. ಅವರನ್ನು ಯಾರೂ ಬಾಗಿಲಲ್ಲಿ ತಡೆಯಲಿಲ್ಲ. ಗೋಪಾಲದಾಸರು ಆದರದಿಂದ ಬರಮಾಡಿಕೊಂಡು, ಜೋಳದ ರೊಟ್ಟಿಯನ್ನು ಅಭಿಮಂತ್ರಿಸಿ ಉಣಬಡಿಸಿದರು. ಮೆತ್ತಗಿನ ಅನ್ನವೂ ದಕ್ಕದ ಹೊಟ್ಟೆಗೆ ಜೋಳದ ರೊಟ್ಟಿ! ಉತ್ತರ ಕರ್ನಾಟಕದ ನಮ್ಮ ವಾಚಕರಿಗೆ ಆ ಆಹಾರದ ಕಸುವು ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಆಚಾರ್ಯರು ಉಂಡರು. ದಕ್ಕಿತು. ಪಂಕ್ತಿಯ ಪಕ್ವಾನ್ನವನ್ನು ಬೇಡವೆಂದ ಕಾರಣಕ್ಕೆ ಬಂದ ವ್ಯಾಧಿಯು ಬಡವರ ಮನೆಯ ರೊಟ್ಟಿಯಿಂದ ಹೋಯಿತು.

ವ್ಯಾಧಿ ಪರಿಹಾರವೊಂದೇ ಅಲ್ಲ. ಆಚಾರ್ಯರ ಆಯುಸ್ಸು ಮುಗಿಯುತ್ತ ಬಂದಿರುವುದನ್ನು ಕಂಡುಕೊಂಡು, ಗುರುಗಳ ಅಪ್ಪಣೆಯಂತೆ ಗೋಪಾಲದಾಸರು ತಮ್ಮ ಆಯುಸ್ಸಿನಿಂದ ನಲವತ್ತು ವರ್ಷಗಳನ್ನು ತೆಗೆದು ಅವರಿಗೆ ದಾನವಾಗಿ ಕೊಟ್ಟರೆಂಬುದು ಪ್ರಸಿದ್ಧವಾದ ಐತಿಹ್ಯ. ಇದನ್ನು ನಂಬದ ತರುಣರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅವರೊಡನೆ ನಾವು ವಾದಕ್ಕಿಳಿಯುವುದಿಲ್ಲ. ಎರಡು ಲೆಕ್ಕಗಳನ್ನು ಮಾತ್ರ ಮುಂದಿಡುತ್ತೇವೆ. ಗೋಪಾಲದಾಸರು 1762ರಲ್ಲಿ, ಪುಷ್ಯ ಬಹುಳ ಅಷ್ಟಮಿಯಂದು ದೇಹ ಬಿಟ್ಟರು. ಆಗ ಅವರ ವಯಸ್ಸು ಸುಮಾರು ನಲವತ್ತು. ಸಾಯುವ ಸ್ಥಿತಿಯಲ್ಲಿ ಅವರ ಬಾಗಿಲಿಗೆ ಬಂದವರು ಬದುಕಿದ್ದು ಎಂಬತ್ತೊಂದು ವರ್ಷ.

ತಮ್ಮ ಗುರುವನ್ನು ಅವಮಾನಿಸಿದವನಿಗೆ ಅರ್ಧ ಬದುಕನ್ನು ಕೊಡುವುದೆಂದರೆ ಸಾಮಾನ್ಯವೇ? ಗುರುನಿಂದಕನೆಂದು ಬಾಗಿಲು ಹಾಕಿಕೊಳ್ಳಲು ಗೋಪಾಲದಾಸರಿಗೆ ಶಾಸ್ತ್ರಾಧಾರವೇ ಇತ್ತು. ಆಚಾರ್ಯರು ವೇಷದ ಒಳಗಿದ್ದ ಭಕ್ತಿಯನ್ನು ಕಾಣಲಿಲ್ಲ. ಗೋಪಾಲದಾಸರಾದರೋ ಅಹಂಕಾರದ ಒಳಗಿದ್ದ ಯೋಗ್ಯತೆಯನ್ನು ಕಂಡರು. ಆಚಾರ್ಯರು ಪ್ರಹ್ಲಾದನ ಸೋದರನಾದ ಸಹ್ಲಾದನ ಅಂಶದವರೆಂದು ಸಂಪ್ರದಾಯ ನಂಬುತ್ತದೆ. ಆ ಸ್ವರೂಪವು ಉತ್ತನೂರಿನವರ ಕಣ್ಣಿಗೆ ಕಂಡಿತ್ತೆಂದೇ ಹೇಳಬೇಕು.

ಆ ಬಳಿಕ ಗೋಪಾಲದಾಸರು ಆಚಾರ್ಯರಿಗೆ ಪಂಢರಪುರಕ್ಕೆ ಹೋಗಲು ತಿಳಿಸಿದರು. ಚಂದ್ರಭಾಗೆಯಲ್ಲಿ ಮುಳುಗಿ ಸ್ನಾನ ಮಾಡುವಾಗ ಜಗನ್ನಾಥವಿಠಲ ಎಂಬ ಅಂಕಿತವಿದ್ದ ಶಿಲೆಯೊಂದು ಅವರಿಗೆ ದೊರೆಯಿತು. ಅಂದಿನಿಂದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ಅಂಕಿತ ಸಿಕ್ಕಿದ್ದು ಕನ್ನಡ ನಾಡಿನ ಹೊರಗೆ. ವಿಜಯದಾಸರ ಚಿಪ್ಪಗಿರಿ ಇಂದು ಆಂಧ್ರದಲ್ಲಿ. ಉತ್ತನೂರು ತೆಲಂಗಾಣದಲ್ಲಿ. ಪುಣೆಯ ವಿಷಯ ಹಿಂದೆಯೇ ಹೇಳಿದೆವು. ಊರು ಬಿಟ್ಟು ಊರಿಗೆ ಬಂದು ಬೇರೆ ಮಾತಿನ ಜನರ ನಡುವೆ ಕನ್ನಡದಲ್ಲಿ ದೇವರನ್ನು ಕರೆಯುವುದು ನಮ್ಮ ತಲೆಮಾರು ಆರಂಭಿಸಿದ ಕೆಲಸವೇನಲ್ಲ.

ದಾಸದೀಕ್ಷೆ ಪಡೆದ ಮೇಲೆ ಅವರು ಕಾಲಿಗೆ ಗೆಜ್ಜೆ ಕಟ್ಟಿದರು. ತಂಬೂರಿ ಹಿಡಿದರು. ಯಾವ ವೇಷವನ್ನು ಕಂಡು ಮುಖ ತಿರುಗಿಸಿದ್ದರೋ ಅದೇ ವೇಷದಲ್ಲಿ ತಮ್ಮನ್ನು ಬಲ್ಲ ಊರಿನ ಬೀದಿಯಲ್ಲಿ ನಡೆದರು. ಕಲಿತ ಶಾಸ್ತ್ರವನ್ನು ಅವರು ಬಿಸುಡಲಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ಭಕ್ತಿ ಬಂದೊಡನೆ ಪಾಂಡಿತ್ಯ ನಿಷ್ಪ್ರಯೋಜಕವಾಯಿತೆಂದು ಈ ಕಥೆಯಿಂದ ತೀರ್ಮಾನಿಸುವವರು ಹರಿಕಥಾಮೃತಸಾರವನ್ನು ಓದಿದವರಲ್ಲ. ಸಂಸ್ಕೃತದ ಕೋಟೆಯೊಳಗಿದ್ದ ಪ್ರಮೇಯಗಳನ್ನೆಲ್ಲ ಅವರು ಕನ್ನಡದ ಭಾಮಿನೀ ಷಟ್ಪದಿಯಲ್ಲಿ ಮೂವತ್ತೆರಡು ಸಂಧಿಗಳಾಗಿ ಇಳಿಸಿದರು. ತತ್ತ್ವಸುವ್ವಾಲಿಯನ್ನು ತ್ರಿಪದಿಯಲ್ಲಿ ಬರೆದರು. ಸುವ್ವಿ ಎಂದರೆ ಹೆಂಗಸರು ಕುಟ್ಟುವಾಗ ಹೇಳುವ ಹಾಡಿನ ಸೊಲ್ಲು. ಕನ್ನಡದ ಹಾಡನ್ನೇ ಕೀಳೆಂದು ಬಗೆದಿದ್ದ ಪಂಡಿತರು ಒನಕೆಯ ಮಟ್ಟಿಗೆ ತತ್ತ್ವವನ್ನು ಹೊಂದಿಸಿದರು. ಅವರ ಕೀರ್ತನೆಗಳು, ಸುಳಾದಿಗಳು, ಉಗಾಭೋಗಗಳು ಬೇರೆ.

ಹರಿಕಥಾಮೃತಸಾರದ ಸಂಧಿಗಳ ಕ್ರಮವನ್ನು ಒಮ್ಮೆ ನೋಡಬೇಕು. ಮಂಗಳಾಚರಣೆಯ ಬೆನ್ನಲ್ಲೇ ಬರುವುದು ಕರುಣಾಸಂಧಿ. ಅನಂತರ ಭಗವಂತನು ಎಲ್ಲೆಡೆ ವ್ಯಾಪಿಸಿರುವುದನ್ನು ಹೇಳುವ ವ್ಯಾಪ್ತಿಸಂಧಿ. ನಾಲ್ಕನೆಯದು ಭೋಜನಸಂಧಿ. ಅನ್ನ, ಪಾಯಸ, ಭಕ್ಷ್ಯ, ತುಪ್ಪ ಮುಂತಾಗಿ ಎಲೆಯ ಮೇಲಿನ ಒಂದೊಂದು ಪದಾರ್ಥದಲ್ಲಿಯೂ ಭಗವಂತನ ಯಾವ ರೂಪವಿದೆ, ಯಾವ ದೇವತೆ ಅದಕ್ಕೆ ಅಭಿಮಾನಿ ಎಂಬುದನ್ನು ಅಲ್ಲಿ ವಿವರಿಸಿದ್ದಾರೆ. ಊಟವನ್ನು ಯಜ್ಞವಾಗಿಸುವ ಈ ಸಂಧಿಯನ್ನು ಪಾರಾಯಣ ಮಾಡುವಾಗ, ಇದನ್ನು ಬರೆದವರು ಒಂದು ಕಾಲದಲ್ಲಿ ಒಂದು ಎಲೆಯ ಮುಂದೆ ಕುಳಿತುಕೊಳ್ಳಲು ಒಲ್ಲದೆ ಹೊಟ್ಟೆನೋವೆಂದು ಸುಳ್ಳು ಹೇಳಿದ್ದರು, ಮುಂದೆ ಹೊಟ್ಟೆಗೆ ಅನ್ನವೇ ಸೇರದೆ ವರ್ಷಗಟ್ಟಲೆ ನರಳಿದ್ದರು ಎಂಬುದನ್ನು ನೆನೆದರೆ ಆ ಪದ್ಯಗಳ ಧ್ವನಿಯೇ ಬೇರೆಯಾಗುತ್ತದೆ. ಎಲೆಯ ಮೇಲಿನ ಸೊಪ್ಪಿನಲ್ಲೂ ನಾರಾಯಣನನ್ನು ಕಂಡವರಿಗೆ ಎಲೆಯ ಮುಂದೆ ಕುಳಿತವನಲ್ಲಿ ಕಾಣದೆ ಹೋದೀತೇ?

ಕಂಡಿತೆಂಬುದಕ್ಕೆ ಕರ್ಜಗಿಯ ಪ್ರಸಂಗವೇ ಸಾಕ್ಷಿ. ದಾಸರಾಗಿ ಸಂಚಾರ ಮಾಡುತ್ತ ಜಗನ್ನಾಥದಾಸರು ಒಮ್ಮೆ ಇಂದಿನ ಹಾವೇರಿ ಜಿಲ್ಲೆಯ ಕರ್ಜಗಿಗೆ ಬಂದರು. ಆ ಊರಿನಲ್ಲಿ ದಾಸಪ್ಪನೆಂಬ ಬ್ರಾಹ್ಮಣನಿದ್ದನು. ಒಬ್ಬ ವೇಶ್ಯಾಸ್ತ್ರೀಯಲ್ಲಿ ಆಸಕ್ತನಾಗಿ, ಆಚಾರವನ್ನೂ ಮನೆಯ ಮಾನವನ್ನೂ ಮರೆತವನೆಂದು ಊರಿಗೆಲ್ಲ ತಿಳಿದಿತ್ತು. ಶಿಷ್ಟರ ಪಂಕ್ತಿಯಲ್ಲಿ ಇಂಥವನಿಗೆ ಎಲೆ ಹಾಕುವವರು ಯಾರು? ಮಾನವಿಯ ಹಳೆಯ ಶ್ರೀನಿವಾಸಾಚಾರ್ಯರಾಗಿದ್ದರೆ ಅವನ ಗಾಳಿಯೂ ಸೋಕದಂತೆ ಮಡಿ ಸರಿಪಡಿಸಿಕೊಂಡು ಹೋಗುತ್ತಿದ್ದರು. ದಾಸರಾಯರು ಹಾಗೆ ಮಾಡಲಿಲ್ಲ. ಅವನನ್ನು ಹತ್ತಿರಕ್ಕೆ ಕರೆದರು. ಅವರ ದರ್ಶನದಿಂದಲೂ ಉಪದೇಶದಿಂದಲೂ ಅವನ ಮನಸ್ಸು ತಿರುಗಿತು. ಅವನಿಗೆ ಶ್ರೀದವಿಠಲ ಎಂಬ ಅಂಕಿತವನ್ನಿತ್ತು ದಾಸನನ್ನಾಗಿ ಮಾಡಿಕೊಂಡರು. ಕಸಬೆ ಲಿಂಗಸುಗೂರಿನ ಪ್ರಾಣೇಶದಾಸರಂಥ ವಿದ್ವಾಂಸರೂ ಅವರ ಶಿಷ್ಯರೇ. ಕರ್ಜಗಿಯ ದಾಸಪ್ಪನೂ ಅವರ ಶಿಷ್ಯನೇ. ಇಬ್ಬರೂ ಕುಳಿತದ್ದು ಒಂದೇ ಪಂಕ್ತಿಯಲ್ಲಿ.

ದಾನವಾಗಿ ಬಂದ ವರ್ಷಗಳನ್ನು ಒಂದು ದಿನವೂ ವ್ಯರ್ಥಮಾಡದೆ ಬಾಳಿ, 1809ರಲ್ಲಿ, ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿಯಂದು ಮಾನವಿಯಲ್ಲಿ ಜಗನ್ನಾಥದಾಸರು ದೇಹತ್ಯಾಗ ಮಾಡಿದರು. ಅವರ ಸನ್ನಿಧಾನವಿರುವುದೆಂದು ನಂಬಲಾದ ಕಂಬಕ್ಕೆ ಅಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಹಿಂದೆ ವಿಜಯದಾಸರು ಅವರನ್ನು ಊಟಕ್ಕೆ ಕರೆದದ್ದೂ ಅದೇ ಊರಿನಲ್ಲಿ. ಆರಾಧನೆಯಂದು ಅಲ್ಲಿ ಪಂಕ್ತಿಗಳು ಮಧ್ಯಾಹ್ನ ಮೀರಿ ನಡೆಯುತ್ತವೆ.

ಈ ನವಮಿಯಂದು ಮನೆಯಲ್ಲಿಯೋ ಶಾಖೆಯಲ್ಲಿಯೋ ಹರಿಕಥಾಮೃತಸಾರದ ಪಾರಾಯಣ ಮಾಡುವ ಭಕ್ತರು ಮೂವತ್ತೆರಡು ಸಂಧಿಗಳಿಗೇ ಪುಸ್ತಕ ಮುಚ್ಚುವುದಿಲ್ಲ. ಕೊನೆಯಲ್ಲಿ ಫಲಸ್ತುತಿಯ ಸಂಧಿಯೊಂದಿದೆ. ಅದನ್ನು ಓದಿದ ಮೇಲೆಯೇ ಪಾರಾಯಣ ಪೂರ್ತಿಯಾಯಿತೆಂದು ಮಂಗಳಾರತಿ ಎತ್ತುವುದು. ಆ ಸಂಧಿ ಜಗನ್ನಾಥದಾಸರದಲ್ಲ. ಅದನ್ನು ಬರೆದವನು ಕರ್ಜಗಿಯ ದಾಸಪ್ಪ.